ನಿರುದ್ಯೋಗ ದರ ಇಳಿದರೆ ಉದ್ಯೋಗ ಹೆಚ್ಚಿದಂತಲ್ಲ

ಕರ್ನಾಟಕದಲ್ಲಿ ನಿರುದ್ಯೋಗ ಶೇ 2.7. ಇದು 2023ರ ಜುಲೈನಿಂದ 2024ರ ಜೂನ್‌ವರೆಗೆ ನಡೆದ ನಿಯತಕಾಲಿಕ ಕಾರ್ಮಿಕ ಪಡೆ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, ಕೊಟ್ಟ ಅಂಕಿ. ಇಡೀ ದೇಶಕ್ಕೆ ಅದೇ ದರ ಶೇ 3.2. ಇದೇ ಸಮೀಕ್ಷೆಯ ಮೊದಲ ವರ್ಷವಾದ 2017-18ರಲ್ಲಿ ದೇಶದ ದರ ಶೇ 6 ಇತ್ತು. ಆರು ವರ್ಷಗಳಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಈ ಇಳಿಕೆಯ ಬೆನ್ನಿಗೆ ಎರಡು ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿವೆ. ಉದ್ಯೋಗದ ಸಮಸ್ಯೆ ಬಗೆಹರಿಯುತ್ತ ಬಂದಿದೆ, ಸರ್ಕಾರದ ದಾಖಲೆಯೇ ಅದಕ್ಕೆ ಸಾಕ್ಷಿ ಎಂಬುದು ಮೊದಲನೆಯದು. ಇದನ್ನು ಆಳುವವರು ವೇದಿಕೆಯಿಂದ ಹೇಳುತ್ತಾರೆ. ದೆಹಲಿಯಲ್ಲಿ ಯಾರಿದ್ದರೂ, ವಿಧಾನಸೌಧದಲ್ಲಿ ಯಾರಿದ್ದರೂ ಹೇಳುವ ಮಾತು ಒಂದೇ. ಎರಡನೆಯದನ್ನು ನಾವು ನೀವೇ ಮದುವೆ ಮನೆಯಲ್ಲಿ, ಚಹಾದಂಗಡಿಯಲ್ಲಿ, ತೋಟದ ಕಣದಲ್ಲಿ ಹೇಳುತ್ತೇವೆ: ಕೆಲಸ ಬೇಕಾದಷ್ಟಿದೆ, ಮಾಡುವವರಿಲ್ಲ, ಈಗಿನ ಹುಡುಗರಿಗೆ ಮೈ ಬಗ್ಗಿಸಿ ದುಡಿಯುವ ಮನಸ್ಸಿಲ್ಲ. ಮೊದಲನೆಯ ಮಾತು ಸರ್ಕಾರವನ್ನು ಹೊಣೆಯಿಂದ ಬಿಡಿಸುತ್ತದೆ. ಎರಡನೆಯದು ಆ ಹೊಣೆಯನ್ನು ಕೆಲಸವಿಲ್ಲದವನ ತಲೆಗೇ ಕಟ್ಟುತ್ತದೆ. ಎರಡೂ ತಪ್ಪು ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲೇ ಒಂದು ವಿಷಯ ಸ್ಪಷ್ಟವಾಗಲಿ. ಸರ್ಕಾರಿ ಅಂಕಿಅಂಶವೆಲ್ಲ ಬೋಗಸ್ ಎಂದು ಕೈಕೊಡವುವವರ ಸಾಲಿನಲ್ಲಿ ನಾನಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಸಿಬ್ಬಂದಿ 2023-24ರಲ್ಲಿ ಸುಮಾರು 1 ಲಕ್ಷ ಮನೆಗಳ ಬಾಗಿಲು ತಟ್ಟಿ, 4 ಲಕ್ಷಕ್ಕೂ ಹೆಚ್ಚು ಜನರ ದುಡಿಮೆಯ ವಿವರ ಬರೆದುಕೊಂಡಿದ್ದಾರೆ. ಬಿಸಿಲಲ್ಲಿ ಓಣಿ ಓಣಿ ತಿರುಗಿ ಮಾಡಿದ ಆ ಕೆಲಸ ಪ್ರಾಮಾಣಿಕವಾದುದು. ಆ ವರದಿಯ ನೂರಾರು ಪುಟಗಳ ಕೋಷ್ಟಕಗಳಲ್ಲಿ ನಮ್ಮ ದುಡಿಯುವ ಜನರ ನಿಜಸ್ಥಿತಿ ಇದೆ. ನನ್ನ ಜಗಳವಿರುವುದು ಆ ನೂರಾರು ಪುಟಗಳನ್ನು ಮುಚ್ಚಿಟ್ಟು ಒಂದೇ ಒಂದು ಅಂಕಿಯನ್ನು ಎತ್ತಿ ಹಿಡಿಯುವವರ ಜೊತೆ. ಈ ಲೇಖನದಲ್ಲಿ ನಾನು ಮುಂದಿಡುವ ಸಾಕ್ಷ್ಯದ ಬಹುಭಾಗವೂ ಅದೇ ಸರ್ಕಾರಿ ದಾಖಲೆಯದು.

ಈ ದರವನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಮೊದಲು ನೋಡೋಣ. ಸಮೀಕ್ಷೆಯವರು ಮನೆಯ ಪ್ರತಿಯೊಬ್ಬರ ಹಿಂದಿನ 365 ದಿನಗಳನ್ನು ಕೇಳಿ, ಒಬ್ಬೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಕೊಡುತ್ತಾರೆ. ಸ್ವಂತ ಹೊಲ, ಅಂಗಡಿ, ಗಾಡಿ ನಡೆಸುವವರಿಗೆ 11. ಸಂಬಳಕ್ಕೆ ಆಳಿಟ್ಟುಕೊಂಡು ಉದ್ಯಮ ನಡೆಸುವವರಿಗೆ 12. ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರಿಗೆ 21. ತಿಂಗಳ ಸಂಬಳದವರಿಗೆ 31. ಕೂಲಿಯವರಿಗೆ 41 ಅಥವಾ 51. ಕೆಲಸವಿಲ್ಲದೆ ಹುಡುಕುತ್ತಿರುವವರಿಗೆ 81. ಓದುವವರಿಗೆ 91, ಮನೆಗೆಲಸ ಮಾತ್ರ ಮಾಡುವವರಿಗೆ 92. ನಿರುದ್ಯೋಗಿ ಎಂದು ಎಣಿಕೆಗೆ ಬರುವುದು 81 ಮಾತ್ರ.

ಆ 81ರೊಳಗೆ ಬೀಳುವುದು ಸುಲಭವಲ್ಲ. ಒಬ್ಬ ವರ್ಷದಲ್ಲಿ ನಾಲ್ಕು ತಿಂಗಳು ಕೂಲಿ ಮಾಡಿದ, ಮೂರು ತಿಂಗಳು ಕೆಲಸ ಹುಡುಕಿದ, ಉಳಿದ ಐದು ತಿಂಗಳು ಕೆಲಸ ಸಿಗುವ ಆಸೆಯನ್ನೇ ಬಿಟ್ಟು ಕೂತ ಎಂದಿಟ್ಟುಕೊಳ್ಳಿ. ದುಡಿದದ್ದೂ ಹುಡುಕಿದ್ದೂ ಸೇರಿ ಏಳು ತಿಂಗಳು. ಆದ್ದರಿಂದ ಅವನು ಕಾರ್ಮಿಕ ಪಡೆಗೆ ಸೇರಿದವನು. ಆ ಏಳರಲ್ಲಿ ಹುಡುಕಿದ್ದಕ್ಕಿಂತ ದುಡಿದದ್ದು ಹೆಚ್ಚು. ಆದ್ದರಿಂದ ಅವನು ಉದ್ಯೋಗಿ. ವರ್ಷದ ಮೂರನೇ ಎರಡು ಭಾಗ ಕೈ ಖಾಲಿ ಇದ್ದರೂ ದಾಖಲೆಯಲ್ಲಿ ಅವನಿಗೆ ಕೆಲಸವಿದೆ. ಇದರ ಮೇಲೆ ಇನ್ನೊಂದು ನಿಯಮವಿದೆ. ವರ್ಷದ ಬಹುಪಾಲು ಕೆಲಸ ಹುಡುಕುತ್ತಲೇ ಕಳೆದವರೂ ಬಿಡುವಿನಲ್ಲಿ ಒಟ್ಟು 30 ದಿನ ಏನಾದರೂ ದುಡಿದಿದ್ದರೆ ಸಾಕು, ಅವರನ್ನು ಪೂರಕ ದುಡಿಮೆಯ ಲೆಕ್ಕದಲ್ಲಿ ಉದ್ಯೋಗಸ್ಥರ ಸಾಲಿಗೆ ಸೇರಿಸಲಾಗುತ್ತದೆ. ಶೇ 3.2, ಶೇ 2.7 ಎಂದು ನಾವು ಕೇಳುವ ದರಗಳು ಈ ಎರಡು ಜರಡಿಗಳನ್ನೂ ದಾಟಿ ಉಳಿದವರ ಎಣಿಕೆ.

ತೊಗರಿಯ ಕಣಜ ಎನಿಸಿದ ಕಲಬುರಗಿ ಜಿಲ್ಲೆಯಲ್ಲಿ ಎರಡೆಕರೆ ಒಣ ಹೊಲದ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ ಹೊಲ ಮಾಡುತ್ತಾನೆ: ಸಂಕೇತ 11. ಅವ್ವ ಬಿತ್ತನೆಯಿಂದ ರಾಶಿಯವರೆಗೆ ಅವನ ಜೊತೆ ಹೊಲದಲ್ಲೇ ಇರುತ್ತಾಳೆ, ಎಮ್ಮೆ ನೋಡಿಕೊಳ್ಳುತ್ತಾಳೆ: 21. ಹಿರಿಯ ಮಗ ಮುಂಗಾರು ಕೈಕೊಟ್ಟ ಕೂಡಲೇ ಬೆಂಗಳೂರಿಗೆ ಗುಳೆ ಹೋಗಿ ಗೌಂಡಿಯ ಕೈಕೆಳಗೆ ಸಿಮೆಂಟ್ ಹೊರುತ್ತಾನೆ, ಕಟ್ಟಡದ ಕೆಲಸ ನಿಂತಾಗ ಊರಿಗೆ ಮರಳುತ್ತಾನೆ: 51. ಮಗಳು ಬಿ.ಎ. ಮುಗಿಸಿ ಎರಡು ವರ್ಷದಿಂದ ಸರ್ಕಾರಿ ನೇಮಕಾತಿ ಪರೀಕ್ಷೆಗೆ ಓದುತ್ತ, ಕಂಡ ಕಂಡ ಕಡೆ ಅರ್ಜಿ ಹಾಕುತ್ತಿದ್ದಾಳೆ. ಆದರೆ ಕಳೆ ತೆಗೆಯುವಾಗ, ತೊಗರಿ ಕೊಯ್ಯುವಾಗ, ರಾಶಿ ಮಾಡುವಾಗ ಅಪ್ಪ ಅವ್ವನ ಜೊತೆ ಹೊಲಕ್ಕೆ ಹೋಗಿದ್ದಾಳೆ. ಎಲ್ಲ ಸೇರಿ ಒಂದು ತಿಂಗಳು ದಾಟಿದೆ. ಅವಳಿಗೂ ಪೂರಕ ದುಡಿಮೆಯ ಅಂಕಣದಲ್ಲಿ 21.

ನಾಲ್ವರೂ ಉದ್ಯೋಗಸ್ಥರು. ಈ ಮನೆಯ ನಿರುದ್ಯೋಗ ದರ ಸೊನ್ನೆ. ಆದರೂ ಈ ಮನೆಗೆ ತೊಗರಿ ಮಾರಿದ ಹಣ ಮುಂದಿನ ಬಿತ್ತನೆಯವರೆಗೆ ಸಾಲುವುದಿಲ್ಲ. ಎರಡೆಕರೆಯ ಹೊಲಕ್ಕೆ ನಾಲ್ವರ ದುಡಿಮೆ ಬೇಕಾಗಿಯೂ ಇಲ್ಲ. ಸಿಗುವ ಕೆಲಸ ಇಷ್ಟೇ ಇದೆ, ಅದನ್ನು ನಾಲ್ವರು ಅಷ್ಟಿಷ್ಟು ಮಾಡುತ್ತಾರೆ. ದಾಖಲೆ ಅದನ್ನು ನಾಲ್ಕು ಉದ್ಯೋಗ ಎಂದು ಎಣಿಸುತ್ತದೆ.

ನಿರುದ್ಯೋಗ ದರ ಕೆಲಸದ ಅಭಾವವನ್ನು ಅಳೆಯುವುದಿಲ್ಲ ಎಂಬುದರ ಬೇರು ಇಲ್ಲಿದೆ. ಕೆಲಸಕ್ಕಾಗಿ ಕಾಯುವ ಶಕ್ತಿ ಯಾರಿಗಿದೆ ಎಂಬುದನ್ನು ಅದು ಅಳೆಯುತ್ತದೆ. ಎಲ್ಲರಿಗೂ ನಿರುದ್ಯೋಗ ಭತ್ಯೆ ಸಿಗದ ದೇಶದಲ್ಲಿ ಬಡವರಿಗೆ ನಿರುದ್ಯೋಗಿಯಾಗಿರುವ ಅನುಕೂಲವೇ ಇಲ್ಲ. ಒಲೆ ಹೊತ್ತಬೇಕಾದರೆ ಸಿಕ್ಕ ಕೆಲಸ ಹಿಡಿಯಬೇಕು, ಅದೂ ಇಲ್ಲದಿದ್ದರೆ ಅಪ್ಪನ ಹೊಲಕ್ಕೆ ಇಳಿಯಬೇಕು. ಪಶ್ಚಿಮದ ನಿರುದ್ಯೋಗದ ಅಳತೆಗೋಲನ್ನು ದಕ್ಷಿಣ ಏಷ್ಯಾಕ್ಕೆ ತಂದು ಹಚ್ಚುವುದು ಸಲ್ಲದು ಎಂದು ಗುನ್ನಾರ್ ಮಿರ್ಡಾಲ್ 1968ರಲ್ಲೇ ತಮ್ಮ 'ಏಷಿಯನ್ ಡ್ರಾಮಾ' ಕೃತಿಯಲ್ಲಿ ವಾದಿಸಿದ್ದರು.

ಸಾಕ್ಷ್ಯ ಬೇಕಾದವರು ರಾಜ್ಯವಾರು ಕೋಷ್ಟಕ ತೆರೆಯಲಿ. 2023-24ರಲ್ಲಿ ನಿರುದ್ಯೋಗ ಅತಿ ಕಡಿಮೆ ಇದ್ದ ರಾಜ್ಯ ಮಧ್ಯಪ್ರದೇಶ: ಶೇ 1. ಜಾರ್ಖಂಡ್: ಶೇ 1.3. ಕೇರಳ: ಶೇ 7.2. ಗೋವಾ: ಶೇ 8.5. ದರ ಕಡಿಮೆಯಿದ್ದಷ್ಟೂ ಉದ್ಯೋಗ ಸಮೃದ್ಧಿ ಎನ್ನುವುದಾದರೆ ಕೇರಳದ ಜನ ಕೆಲಸ ಹುಡುಕಿಕೊಂಡು ಜಾರ್ಖಂಡ್‌ಗೆ ಹೋಗಬೇಕಿತ್ತು. ನಡೆದಿರುವುದು ಇದರ ತಿರುವುಮುರುವು. ಜಾರ್ಖಂಡ್‌ನ ಯುವಕರು ಬೆಂಗಳೂರಿನ ಕಟ್ಟಡಗಳಲ್ಲಿ, ಕೇರಳದ ಹೋಟೆಲುಗಳಲ್ಲಿ ದುಡಿಯುತ್ತಿದ್ದಾರೆ.

ಕಾಲದ ಸಾಕ್ಷ್ಯವೂ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಳೆಯ ಸುತ್ತುಗಳಲ್ಲಿ, 1983ರಲ್ಲಿ, 1993-94ರಲ್ಲಿ, ಇದೇ ಅಳತೆಯ ನಿರುದ್ಯೋಗ ದರ ಶೇ 2ರ ಆಸುಪಾಸಿನಲ್ಲಿತ್ತು. ಆ ವರ್ಷಗಳನ್ನು ಭಾರತದ ಉದ್ಯೋಗದ ಸುವರ್ಣಯುಗ ಎಂದು ಇಂದು ಯಾವ ಸಚಿವರೂ ಕರೆಯುವುದಿಲ್ಲ, ಯಾವ ಅರ್ಥಶಾಸ್ತ್ರಜ್ಞರೂ ಕರೆಯುವುದಿಲ್ಲ. ದೇಶ ಆಗ ಇಂದಿಗಿಂತ ಬಡದೇಶವಾಗಿತ್ತು. ಕಾಯುವ ಶಕ್ತಿ ಕಡಿಮೆಯಿತ್ತು, ದರವೂ ಕಡಿಮೆಯಿತ್ತು.

ವಿದ್ಯೆಯ ಸಾಕ್ಷ್ಯ ಇನ್ನೂ ಕಟುವಾದುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಮಾನವ ಅಭಿವೃದ್ಧಿ ಸಂಸ್ಥೆಯೂ ಸೇರಿ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವಿ ಪಡೆದ ಯುವಜನರಲ್ಲಿ ನಿರುದ್ಯೋಗ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಇದನ್ನು ನೋಡಿ ಅನಕ್ಷರಸ್ಥರಿಗೆ ಒಳ್ಳೆಯ ಉದ್ಯೋಗ ಕಾದಿದೆ ಎಂದು ಯಾರೂ ತೀರ್ಮಾನಿಸಲಾರರು. ಮಗನನ್ನು ಪದವಿಯವರೆಗೆ ಓದಿಸಿದ ಮನೆ ಅವನನ್ನು ಒಂದೆರಡು ವರ್ಷ ಕೂರಿಸಿ ಸಾಕಬಲ್ಲದು. ಓದಿಸಲಾರದ ಮನೆ ಅವನನ್ನು ಮಾರನೆಯ ದಿನವೇ ಕೂಲಿಗೆ ಕಳಿಸುತ್ತದೆ. ಆ ಎರಡು ಅಂಕಿಗಳ ನಡುವೆ ಇರುವ ಅಂತರ ಇಷ್ಟೇ.

ಇನ್ನೂ ಅನುಮಾನವಿದ್ದರೆ ಕೊರೊನಾದ ವರ್ಷಗಳನ್ನು ನೋಡಿ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಕಾರ್ಖಾನೆ, ಹೋಟೆಲು, ಕಟ್ಟಡ ಕಾಮಗಾರಿ ಎಲ್ಲ ನಿಂತವು. ಕೂಸನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯಲ್ಲಿ ನಡೆದ ಜನರನ್ನು ನಾವೆಲ್ಲ ಕಂಡಿದ್ದೇವೆ. ಆ ತಿಂಗಳುಗಳನ್ನು ಒಳಗೊಂಡ 2019-20ರ ವಾರ್ಷಿಕ ನಿರುದ್ಯೋಗ ದರ ಎಷ್ಟು? ಹಿಂದಿನ ವರ್ಷದ ಶೇ 5.8ರಿಂದ ಶೇ 4.8ಕ್ಕೆ ಇಳಿಯಿತು. ಎರಡನೇ ಅಲೆ ಅಪ್ಪಳಿಸಿದ 2020-21ರಲ್ಲಿ ಶೇ 4.2ಕ್ಕೆ ಇನ್ನೂ ಇಳಿಯಿತು. ಅದೇ ಸಮೀಕ್ಷೆಯ ನಗರಗಳ ತ್ರೈಮಾಸಿಕ ಲೆಕ್ಕದಲ್ಲಿ, ಹಿಂದಿನ ಒಂದು ವಾರವನ್ನಷ್ಟೇ ನೋಡುವ ಅಳತೆಯಲ್ಲಿ, 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ನಿರುದ್ಯೋಗ ಸುಮಾರು ಶೇ 21. ಒಂದೇ ಸಮೀಕ್ಷೆ, ಒಂದೇ ಮಹಾಮಾರಿ. ಒಂದು ಅಳತೆ ಹಾಹಾಕಾರವನ್ನು ದಾಖಲಿಸಿತು, ಇನ್ನೊಂದು ಸುಧಾರಣೆಯನ್ನು. ನಗರ ಕೈಬಿಟ್ಟವರು ಊರಿಗೆ ಮರಳಿ ಅಪ್ಪನ ಹೊಲದಲ್ಲಿ ನಿಂತರು, ಅಲ್ಲಿ ಅವರಿಗೆ 21ರ ಸಂಕೇತ ಸಿಕ್ಕಿತು. ದುಡಿಯುವವರಲ್ಲಿ ಕೃಷಿಯನ್ನು ನೆಚ್ಚಿದವರ ಪಾಲು 2018-19ರ ಶೇ 42.5ರಿಂದ 2019-20ರಲ್ಲಿ ಶೇ 45.6ಕ್ಕೆ ಏರಿತು. ದುರಂತದ ವರ್ಷದಲ್ಲಿ ಇಳಿದ ದರವನ್ನು ಆರೋಗ್ಯದ ಗುರುತು ಎಂದು ನಂಬುವುದು ಹೇಗೆ?

ಹಾಗಾದರೆ 2017-18ರಿಂದ 2023-24ರವರೆಗೆ ನಿಜವಾಗಿ ಹೆಚ್ಚಿದ್ದು ಏನು? ಉತ್ತರ ಅದೇ ವರದಿಯ ಒಳಪುಟಗಳಲ್ಲಿದೆ. ದುಡಿಯುವವರಲ್ಲಿ ಸ್ವಯಂ ಉದ್ಯೋಗಿಗಳ ಪಾಲು ಶೇ 52.2ರಿಂದ ಶೇ 58.4ಕ್ಕೆ ಏರಿದೆ. ತಿಂಗಳ ಸಂಬಳದವರ ಪಾಲು ಶೇ 22.8ರಿಂದ ಶೇ 21.7ಕ್ಕೆ ಇಳಿದಿದೆ. ಸಂಬಳವಿಲ್ಲದೆ ಮನೆಯ ಉದ್ಯಮದಲ್ಲಿ ದುಡಿಯುವ 21ರವರ ಪಾಲು ಶೇ 13.6ರಿಂದ ಶೇ 19.4ಕ್ಕೆ ಏರಿದೆ. ಅಂದರೆ 2023-24ರಲ್ಲಿ ಈ ದೇಶದಲ್ಲಿ ಉದ್ಯೋಗಸ್ಥರು ಎನಿಸಿಕೊಂಡ ಪ್ರತಿ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಸಂಬಳವೇ ಇಲ್ಲ. ಹೆಂಗಸರಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು ಮಂದಿ ಹೀಗೆ ದುಡಿಯುವವರು.

ಇಲ್ಲಿ ಒಂದು ಬಲವಾದ ಪ್ರತಿವಾದ ಎದುರಾಗುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. 2017-18ರಲ್ಲಿ ಶೇ 23.3 ಇದ್ದ ಹೆಂಗಸರ ಕಾರ್ಮಿಕ ಪಡೆಯ ಪ್ರಮಾಣ 2023-24ರಲ್ಲಿ ಶೇ 41.7 ಆಗಿದೆ. ಅಡುಗೆ ಅನಿಲ ಬಂತು, ಮನೆಗೆ ನಲ್ಲಿ ಬಂತು, ಸ್ವಸಹಾಯ ಸಂಘ ಬಂತು. ಬಿಡುವಾದ ಹೆಂಗಸು ದುಡಿಮೆಗೆ ಇಳಿದಿದ್ದಾಳೆ, ಇದು ಸಬಲೀಕರಣ ಎನ್ನುತ್ತಾರೆ. ಹಾಗಾಗಿದ್ದರೆ ನನಗಿಂತ ಹೆಚ್ಚು ಸಂತೋಷಪಡುವವರಿಲ್ಲ. ಆದರೆ ಯಾರ ದುಡಿಮೆಗೆ ಬೇಡಿಕೆ ಹೆಚ್ಚುತ್ತದೋ ಅವರ ಗಳಿಕೆಯೂ ಹೆಚ್ಚಬೇಕು. ಕೇಂದ್ರ ಸರ್ಕಾರದ 2024-25ರ ಆರ್ಥಿಕ ಸಮೀಕ್ಷೆಯೇ ತೋರಿಸುವಂತೆ, ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಸ್ವಯಂ ಉದ್ಯೋಗದ ಹೆಂಗಸರ ಗಳಿಕೆ 2017-18ಕ್ಕಿಂತ 2023-24ರಲ್ಲಿ ಕಡಿಮೆ. ಗಂಡಸರದೂ ಕಡಿಮೆ. ಈ ಲೆಕ್ಕದಲ್ಲಿ ಸಂಬಳವೇ ಇಲ್ಲದ 21ರವರು ಸೇರಿಯೂ ಇಲ್ಲ. ದುಡಿಯುವ ಕೈ ಹೆಚ್ಚಿ ತಲಾ ಗಳಿಕೆ ಇಳಿದರೆ ಅದಕ್ಕೆ ನಮ್ಮ ಹಳ್ಳಿಗಳಲ್ಲಿ ಬೇರೆ ಹೆಸರಿದೆ. ಮನೆಯಲ್ಲಿ ಒಬ್ಬರ ದುಡಿಮೆ ಸಾಲದೆ ಎಲ್ಲರೂ ಇಳಿಯಬೇಕಾಗಿ ಬಂದಾಗ ಅದನ್ನು ಯಾರೂ ಏಳಿಗೆ ಎನ್ನುವುದಿಲ್ಲ, ತಾಪತ್ರಯ ಎನ್ನುತ್ತಾರೆ.

ಸ್ವಯಂ ಉದ್ಯೋಗ ಎಂದರೆ ಉದ್ಯಮಶೀಲತೆ, ಕೆಲಸ ಬೇಡುವವರು ಕೆಲಸ ಕೊಡುವವರಾಗಿದ್ದಾರೆ ಎಂಬ ವಾದವೂ ನಿಲ್ಲುವುದಿಲ್ಲ. ಕೆಲಸ ಕೊಡುವವರಿಗೆ ಸಮೀಕ್ಷೆಯಲ್ಲಿ ಪ್ರತ್ಯೇಕ ಸಂಕೇತವೇ ಇದೆ: 12. ಸ್ವಯಂ ಉದ್ಯೋಗಿಗಳಲ್ಲಿ ಆ ಸಂಕೇತದವರು ಬೆರಳೆಣಿಕೆಯಷ್ಟು. ಉಳಿದವರು ಒಬ್ಬರೇ ತಳ್ಳುಗಾಡಿ ನಿಲ್ಲಿಸಿಕೊಂಡವರು, ಆಟೊ ಓಡಿಸುವವರು, ತುಂಡು ಹೊಲ ಮಾಡುವವರು ಮತ್ತು ಅವರ ಜೊತೆ ಸಂಬಳವಿಲ್ಲದೆ ದುಡಿಯುವ ಹೆಂಡತಿ ಮಕ್ಕಳು.

ಭವಿಷ್ಯನಿಧಿ ಸಂಸ್ಥೆಯ ದಾಖಲೆಯಲ್ಲಿ ಪ್ರತಿ ತಿಂಗಳೂ ಲಕ್ಷಾಂತರ ಹೊಸ ಹೆಸರು ಸೇರುತ್ತಿವೆಯಲ್ಲ ಎಂದು ಕೇಳುವವರಿದ್ದಾರೆ. 2018ರಿಂದ ಆ ಅಂಕಿಗಳನ್ನು ಉದ್ಯೋಗ ಸೃಷ್ಟಿಯ ಪುರಾವೆಯಾಗಿ ಮುಂದಿಡಲಾಗುತ್ತಿದೆ. ಪಿಎಫ್ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದು 20 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ. 19 ಮಂದಿ ವರ್ಷಗಳಿಂದ ದುಡಿಯುತ್ತಿದ್ದ ಕಾರ್ಖಾನೆಗೆ ಇನ್ನೊಬ್ಬರು ಸೇರಿದರೆ ಪಿಎಫ್ ಲೆಕ್ಕಕ್ಕೆ 20 ಹೊಸ ಹೆಸರು ಬರಬಹುದು. ಹೊಸದಾಗಿ ಸಿಕ್ಕ ಕೆಲಸ ಮಾತ್ರ ಒಂದು. ದಾಖಲೆಗೆ ಬಾರದ ಕೆಲಸ ದಾಖಲೆಗೆ ಬರುವುದು ಒಳ್ಳೆಯದೇ, ಆದರೆ ಅದನ್ನು ಹೊಸ ಕೆಲಸ ಎನ್ನಬಾರದು. ಇನ್ನು ಕೆಎಲ್‌ಇಎಂಎಸ್ ಎಂಬ ರಿಸರ್ವ್ ಬ್ಯಾಂಕಿನ ಉತ್ಪಾದಕತೆ ದತ್ತಾಂಶದ ಲೆಕ್ಕ. 2023-24 ಒಂದೇ ವರ್ಷದಲ್ಲಿ 4.67 ಕೋಟಿ ಉದ್ಯೋಗ ಹೆಚ್ಚಿತು ಎಂದು ಆ ಲೆಕ್ಕವನ್ನು ಹಿಡಿದು ಸಂಭ್ರಮಿಸಲಾಯಿತು. ಅದು ಬೇರೊಂದು ಸಮೀಕ್ಷೆಯಲ್ಲ. ಇದೇ ಪಿಎಲ್‌ಎಫ್‌ಎಸ್‌ನ ಪ್ರಮಾಣಗಳನ್ನು ಅಂದಾಜು ಜನಸಂಖ್ಯೆಗೆ ಗುಣಿಸಿ ಪಡೆದದ್ದು. ಆ ಜನಸಂಖ್ಯೆಯ ಅಂದಾಜಿಗೆ ಆಧಾರ 2011ರ ಜನಗಣತಿ. ಸಂಬಳವಿಲ್ಲದ 21ರವರೂ ಆ ಕೋಟಿಗಳೊಳಗೆ ಸೇರಿದ್ದಾರೆ. ಅಷ್ಟೊಂದು ಉದ್ಯೋಗ ತಾನಾಗಿಯೇ ಹುಟ್ಟುತ್ತಿದ್ದರೆ, ಕೃಷಿಯ ಹೊರಗೆ 2030ರವರೆಗೆ ವರ್ಷಕ್ಕೆ ಸರಾಸರಿ 78.5 ಲಕ್ಷ ಉದ್ಯೋಗ ಸೃಷ್ಟಿಯಾಗಬೇಕು ಎಂದು ಕೇಂದ್ರದ್ದೇ 2023-24ರ ಆರ್ಥಿಕ ಸಮೀಕ್ಷೆ ಎಚ್ಚರಿಸುವ ಅಗತ್ಯವೇನಿತ್ತು?

ಕೊನೆಗೆ ಉಳಿಯುವ ಸಮರ್ಥನೆ ಒಂದೇ: ನಾವು ಅಂತರರಾಷ್ಟ್ರೀಯ ಮಾನದಂಡ ಅನುಸರಿಸುತ್ತಿದ್ದೇವೆ, ವಾರದಲ್ಲಿ ಒಂದು ಗಂಟೆ ದುಡಿದವರನ್ನೂ ಉದ್ಯೋಗಸ್ಥರೆಂದು ಎಣಿಸುವುದು ಎಲ್ಲ ದೇಶಗಳ ರೂಢಿ. ನಿಜ. 1982ರಲ್ಲಿ ಒಪ್ಪಿಕೊಂಡ ರೂಢಿ ಅದು. ದೇಶದ ಒಟ್ಟು ಉತ್ಪಾದನೆಗೆ ಕೈಹಚ್ಚಿದ ಎಲ್ಲರನ್ನೂ ಎಣಿಸಬೇಕು ಎಂಬುದು ಅದರ ಉದ್ದೇಶ. ಜನರ ಬಾಳು ಹಸನಾಗಿದೆಯೇ ಎಂದು ಅಳೆಯಲು ಅದನ್ನು ರೂಪಿಸಿದ್ದಲ್ಲ. ಭತ್ಯೆ ಕೊಡುವ, ಹೆಚ್ಚಿನವರು ಸಂಬಳಕ್ಕೆ ದುಡಿಯುವ ದೇಶಗಳಲ್ಲಿ ಅದು ಹೆಚ್ಚು ಮೋಸ ಮಾಡುವುದಿಲ್ಲ, ಇಲ್ಲಿ ಮಾಡುತ್ತದೆ. ಅದೇ ಅಂತರರಾಷ್ಟ್ರೀಯ ವೇದಿಕೆ 2013ರಲ್ಲಿ ಉದ್ಯೋಗದ ವ್ಯಾಖ್ಯೆಯನ್ನು ಬಿಗಿಗೊಳಿಸಿತು. ಕೂಲಿಗೋ ಲಾಭಕ್ಕೋ ಮಾಡುವ ದುಡಿಮೆ ಮಾತ್ರ ಉದ್ಯೋಗ. ಸ್ವಂತ ಮನೆಯ ಊಟಕ್ಕಾಗಿ ಬೆಳೆಯುವುದು ದುಡಿಮೆಯೇ ಹೌದು, ಆದರೆ ಅದನ್ನು ಬೇರೆ ಎಣಿಸಬೇಕು ಎಂದಿತು. ನಮ್ಮ ಸಮೀಕ್ಷೆಯಲ್ಲಿ ಮನೆಬಳಕೆಗೆ ಜೋಳ ಬೆಳೆಯುವುದು, ಎಮ್ಮೆ ಕರೆಯುವುದು ಉದ್ಯೋಗದ ಲೆಕ್ಕಕ್ಕೇ ಸೇರುತ್ತದೆ. ಅದೇ ಮನೆಗೆ ಕಾಡಿನಿಂದ ಸೌದೆ ಹೊತ್ತು ತರುವುದು ಸೇರುವುದಿಲ್ಲ. ಮಾನದಂಡದ ಹೆಸರು ಹೇಳುವವರು ಅದನ್ನು ಪೂರ್ತಿಯಾಗಿ ಹೇಳಲಿ.

ನೋವಿನ ಸಂಗತಿಯೆಂದರೆ ಈ ಪಾಠವನ್ನು ನಮ್ಮವರೇ ಅರ್ಧ ಶತಮಾನದ ಹಿಂದೆ ಕಲಿತಿದ್ದರು. ಮೊದಲ ಪಂಚವಾರ್ಷಿಕ ಯೋಜನೆಗಳಲ್ಲಿ ಇಷ್ಟು ಲಕ್ಷ ನಿರುದ್ಯೋಗಿಗಳಿದ್ದಾರೆ ಎಂದು ಒಂದೊಂದು ಅಂಕಿ ಪ್ರಕಟವಾಗುತ್ತಿತ್ತು. ಆ ಅಂಕಿಗಳ ಬಗ್ಗೆ ಸಂದೇಹ ಬಲವಾದಾಗ ಯೋಜನಾ ಆಯೋಗ ಎಂ.ಎಲ್. ದಾಂತವಾಲಾ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ರಚಿಸಿತು. ಸ್ವಂತ ಹೊಲ ಮತ್ತು ಮನೆಯ ಉದ್ಯಮಗಳೇ ಹೆಚ್ಚಾಗಿರುವ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಅಂಕಿಗೆ ಇಳಿಸುವುದು ಅರ್ಥಹೀನ, ಆ ಪದ್ಧತಿ ಕೈಬಿಡಿ ಎಂದು 1970ರ ವರದಿಯಲ್ಲಿ ಆ ಸಮಿತಿ ಹೇಳಿತು. ಅದರಿಂದಾಗಿಯೇ 1972-73ರ ಸುತ್ತಿನಿಂದ ವರ್ಷದ, ವಾರದ, ದಿನದ ಮೂರು ಅಳತೆಗಳು ಬಂದವು. ಅವುಗಳ ನಡುವಿನ ಅಂತರ ಎಷ್ಟೆಂದರೆ, 2011-12ರಲ್ಲಿ ಅದೇ ಜನರ ಅದೇ ವರ್ಷದ ನಿರುದ್ಯೋಗ ವಾರ್ಷಿಕ ಅಳತೆಯಲ್ಲಿ ಶೇ 2.2, ವಾರದ ಅಳತೆಯಲ್ಲಿ ಶೇ 3.7, ದಿನದ ಅಳತೆಯಲ್ಲಿ ಶೇ 5.6. ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ 1973ರಲ್ಲಿ ಇನ್ನೂ ಮುಂದೆ ಹೋಗಿ, ಸಮಯ, ಆದಾಯ, ಮನಸ್ಸು, ಉತ್ಪಾದಕತೆ ಎಂಬ ನಾಲ್ಕು ಒರೆಗಲ್ಲುಗಳನ್ನು ಕೊಟ್ಟರು. ಕೆಲಸ ಸಿಗುವ ಹೊತ್ತು ಕಡಿಮೆಯೇ, ಸಿಕ್ಕ ಕೆಲಸದಿಂದ ಹೊಟ್ಟೆ ತುಂಬುತ್ತದೆಯೇ, ಇನ್ನೂ ಕೆಲಸ ಬೇಕೆನ್ನುತ್ತಾರೆಯೇ, ಅವರು ಬಿಟ್ಟುಹೋದರೆ ಬೆಳೆ ಕಡಿಮೆಯಾಗುತ್ತದೆಯೇ. ಕಲಬುರಗಿಯ ಆ ಮನೆಯನ್ನು ಈ ನಾಲ್ಕು ಕಲ್ಲಿಗೆ ಉಜ್ಜಿದರೆ ಸೊನ್ನೆ ಬರುವುದಿಲ್ಲ. ದಾಂತವಾಲಾ ಸಮಿತಿ ಬೇಡವೆಂದ ಆ ಒಂಟಿ ಅಂಕಿಯನ್ನು ನಾವು ಮತ್ತೆ ತಂದು ಪಟ್ಟಕ್ಕೆ ಕೂರಿಸಿದ್ದೇವೆ.

ಒಂಟಿ ಅಂಕಿಯ ರಾಜಕೀಯ ಎಂಥ ಹಾನಿ ಮಾಡುತ್ತದೆ ಎಂಬುದನ್ನು 2019 ತೋರಿಸಿತು. ಮೊದಲ ಪಿಎಲ್‌ಎಫ್‌ಎಸ್ ವರದಿ ಸಿದ್ಧವಾಗಿದ್ದರೂ ಬಿಡುಗಡೆಯಾಗಲಿಲ್ಲ. ಆ ವರ್ಷದ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್ ಮತ್ತು ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಚುನಾವಣೆ ಮುಗಿದ ಮೇಲೆ, ಮೇ 31ರಂದು, ವರದಿ ಹೊರಬಂತು. ಅದನ್ನು ತಡೆಹಿಡಿದದ್ದು ತಪ್ಪು. ನಿರುದ್ಯೋಗ 45 ವರ್ಷಗಳಲ್ಲೇ ಗರಿಷ್ಠ ಎಂಬ ಒಂದು ಸಾಲನ್ನು ಮಾತ್ರ ಹಿಡಿದು ವಿರೋಧ ಪಕ್ಷಗಳು ಪ್ರಚಾರ ಮಾಡಿದ್ದೂ ಅದೇ ತಪ್ಪಿನ ಇನ್ನೊಂದು ಮಗ್ಗುಲು. ಏರಿದಾಗ ಆ ದರವನ್ನು ಅಂತಿಮ ತೀರ್ಪು ಎಂದವರು, ಇಳಿದಾಗ ಅದೇ ದರವನ್ನು ಸುಳ್ಳು ಎನ್ನುವ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ಈಗ ನಾವು ನೀವೇ ಹೇಳುವ ಆ ಎರಡನೆಯ ಮಾತಿಗೆ ಬರುತ್ತೇನೆ: ಕೆಲಸವಿದೆ, ಆಳು ಸಿಗುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಫಿ ಹಣ್ಣು ಕೀಳಲು ಜನ ಸಿಗದೆ ಬೆಳೆಗಾರ ಪರದಾಡುವುದು ನಿಜ. ಅದೇ ತಿಂಗಳುಗಳಲ್ಲಿ ಯಾದಗಿರಿ, ರಾಯಚೂರಿನ ತಾಂಡಾಗಳಿಂದ ಜನ ಗುಳೆ ಹೋಗುವುದೂ ನಿಜ. ಬೆಳೆಗಾರನಿಗೆ ಬೇಕಾದದ್ದು ಎರಡು ಮೂರು ತಿಂಗಳ ಕೈಗಳು. ಕಾರ್ಮಿಕನಿಗೆ ಬೇಕಾದದ್ದು ಹನ್ನೆರಡು ತಿಂಗಳ ಅನ್ನ. ಸುಗ್ಗಿಯ ಕೆಲವು ವಾರ ಆಳಿನ ಬರ ಬಂದಮಾತ್ರಕ್ಕೆ ವರ್ಷದ ಉಳಿದ ವಾರಗಳಲ್ಲಿ ಕೆಲಸದ ಬರ ಇಲ್ಲ ಎಂದಾಗುವುದಿಲ್ಲ. ಒಂದು ಊರಿನಲ್ಲಿ ಒಂದು ತಿಂಗಳು ಕಂಡದ್ದನ್ನು ಇಡೀ ರಾಜ್ಯದ ಇಡೀ ವರ್ಷಕ್ಕೆ ಹಬ್ಬಿಸಿ ಮಾತಾಡುವುದು ಅನ್ಯಾಯ.

ಹುಡುಗರು ಸೋಮಾರಿಗಳು ಎಂಬ ಮಾತಂತೂ ಕ್ರೂರವಾದುದು. 2021ರ ಅಕ್ಟೋಬರ್‌ನಲ್ಲಿ ರಾಜ್ಯದ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ 50 ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ ಆ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಬೆಳಗಿನ ಜಾವ ಎದ್ದು ಓಡಿ ಮೈ ಹುರಿಗೊಳಿಸಿಕೊಂಡು, ರಾತ್ರಿ ಗ್ರಂಥಾಲಯ ಮುಚ್ಚುವವರೆಗೆ ಓದಿ, ಮೊದಲ ಪರೀಕ್ಷೆಯಿಂದ ಮರುಪರೀಕ್ಷೆಯವರೆಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದವರನ್ನು ಸೋಮಾರಿ ಎನ್ನಲು ಬಾಯಿ ಹೇಗೆ ಬರುತ್ತದೆ? ಧಾರವಾಡದ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳ ಸುತ್ತಲಿನ ಬಾಡಿಗೆ ಕೋಣೆಗಳಲ್ಲಿ ನಾಲ್ಕೈದು ಮಂದಿ ಸೇರಿ ಗಂಜಿ ಬೇಯಿಸಿಕೊಂಡು ಓದುತ್ತಿರುವವರು ದುಡಿಮೆಗೆ ಹೆದರಿದವರಲ್ಲ. ಖಾಸಗಿ ವಲಯದಲ್ಲಿ ಸಿಗುವ ಕೆಲಸಕ್ಕೆ ಕರಾರಿಲ್ಲ, ರಜೆಯಿಲ್ಲ, ನಾಳೆಯ ಭರವಸೆಯಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಕೃಷಿಯೇತರ ಸಂಬಳದ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬರಹದ ಕರಾರೇ ಇಲ್ಲ ಎಂದು ಪಿಎಲ್‌ಎಫ್‌ಎಸ್ ಹೇಳುತ್ತದೆ. ಓದುತ್ತ ಕಾದಿರುವ ಈ ಹುಡುಗರು ಬೇಡುತ್ತಿರುವುದು ನೆಮ್ಮದಿಯ ಒಂದು ಕೆಲಸ.

ನಮ್ಮ ರಾಜ್ಯ ಸರ್ಕಾರಕ್ಕೂ ಇದು ಗೊತ್ತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆ, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಕೊಡುತ್ತದೆ. ಅಲ್ಲಿ ಸರ್ಕಾರವೇ ನಿರುದ್ಯೋಗಿ ಎಂದು ಒಪ್ಪಿಕೊಂಡ ಹುಡುಗಿ, ಸಮೀಕ್ಷೆಯಲ್ಲಿ ಅಪ್ಪನ ಹೊಲದಲ್ಲಿ 30 ದಿನ ದುಡಿದ ಕಾರಣಕ್ಕೆ ಉದ್ಯೋಗಸ್ಥೆ. ಎರಡೂ ಸರ್ಕಾರಿ ದಾಖಲೆಗಳೇ. ಯಾವುದನ್ನು ಮುಂದಿಟ್ಟು ನೀತಿ ರೂಪಿಸಬೇಕು ಎಂಬುದು ಪ್ರಶ್ನೆ.

ಆ ಪ್ರಶ್ನೆಗೆ ಕರ್ನಾಟಕದ ಅನುಭವದಲ್ಲೇ ಉತ್ತರವಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯವನ್ನು ಒಂದು ಸರಾಸರಿಯಲ್ಲಿ ಅಳೆಯಲಿಲ್ಲ. 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಹಿಡಿದು ಹೇಳಿತು. ತಾಲ್ಲೂಕಿನ ಹೆಸರು ಬಂದಾಗ ಮಾತ್ರ ಹೊಣೆ ಹೊರುವವರೂ ಬಂದರು. ಉದ್ಯೋಗದ ವಿಷಯದಲ್ಲಿ ನಾವಿನ್ನೂ ಬೆಂಗಳೂರನ್ನೂ ಯಾದಗಿರಿಯನ್ನೂ ಸೇರಿಸಿ ಶೇ 2.7 ಎನ್ನುತ್ತಿದ್ದೇವೆ.

ಮಾಡಬೇಕಾದದ್ದು ಕಷ್ಟದ್ದೇನೂ ಅಲ್ಲ. 2025ರ ಜನವರಿಯಿಂದ ಪಿಎಲ್‌ಎಫ್‌ಎಸ್ ತನ್ನ ಮಾದರಿಯನ್ನು ಹಿಗ್ಗಿಸಿ, ಜಿಲ್ಲೆಯನ್ನೇ ಮೂಲ ಘಟಕವಾಗಿ ಇಟ್ಟುಕೊಂಡಿದೆ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಇದನ್ನು ಬಳಸಿಕೊಂಡು ಪ್ರತಿ ಜಿಲ್ಲೆಯ ದುಡಿಮೆಯ ಚಿತ್ರವನ್ನು ಕನ್ನಡದಲ್ಲಿ ಪ್ರಕಟಿಸಲಿ. ನಿರುದ್ಯೋಗ ದರದ ಪಕ್ಕದಲ್ಲೇ ಮೂರು ಅಂಕಿಗಳು ಕಡ್ಡಾಯವಾಗಿ ಇರಲಿ: ಸಂಬಳವಿಲ್ಲದೆ ದುಡಿಯುವವರು ಎಷ್ಟು, ಬೆಲೆಯೇರಿಕೆ ಕಳೆದ ಮೇಲೆ ದುಡಿದವರ ಗಳಿಕೆ ಏರಿತೇ ಇಳಿಯಿತೇ, ಪದವೀಧರರಲ್ಲಿ ಕೆಲಸ ಸಿಗದವರು ಎಷ್ಟು. ಬಜೆಟ್ ಜೊತೆ ಬರುವ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಗುಳೆಗೆ ಒಂದು ಅಧ್ಯಾಯ ಇರಲಿ. ಶಾಸಕರು ಸದನದಲ್ಲಿ ದರವನ್ನಷ್ಟೇ ಕೇಳದೆ ಈ ಮೂರನ್ನೂ ಕೇಳಲಿ, ಪತ್ರಕರ್ತರು ಪಿಎಲ್‌ಎಫ್‌ಎಸ್‌ನ ಪ್ರತಿ ತಿಂಗಳ ಬುಲೆಟಿನ್ನಿನ ದಶಾಂಶದ ಏರಿಳಿತಕ್ಕೆ ತಲೆಬರಹ ಕೊಡುವ ಮೊದಲು ಈ ಮೂರನ್ನೂ ಹುಡುಕಲಿ.

ಓದುಗರಲ್ಲಿ ನನ್ನದೊಂದು ಮನವಿ. ಮುಂದಿನ ಸಲ ನಿರುದ್ಯೋಗ ಇಳಿದಿದೆ ಎಂದು ಯಾರಾದರೂ ಹೇಳಿದಾಗ, ಹಾಗಾದರೆ ಸಂಬಳ ಯಾರಿಗೆ ಬಂತು ಎಂದು ಕೇಳಿ. 2023-24ರಲ್ಲಿ ಈ ದೇಶದ ದುಡಿಯುವವರಲ್ಲಿ ಶೇ 19.4 ಮಂದಿ ಸಂಕೇತ 21ರವರು. ಸಮೀಕ್ಷೆಯ ಗಳಿಕೆಯ ಅಂಕಣದಲ್ಲಿ ಅವರ ಹೆಸರಿನ ಮುಂದೆ ಬರೆಯಲು ಒಂದು ರೂಪಾಯಿಯೂ ಇಲ್ಲ.